ದಾರೀಲಿ ಚಾರ್ಜ್ ಮುಗಿದ್ರೆ ಏನ್ ಮಾಡ್ತೀರಾ?

ಹಸಿರು ನಂಬರ್ ಪ್ಲೇಟಿನ ಎಲೆಕ್ಟ್ರಿಕ್ ಕಾರು ತಗೊಂಡ ದಿನದಿಂದ ನನಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಕುಣಿಗಲ್ ಹತ್ತಿರ ಟೀ ಕುಡಿಯಲು ನಿಂತರೆ ಲಾರಿ ಡ್ರೈವರ್ ಕೂಡ ಕಾರಿಗೆ ಒಂದು ಸುತ್ತು ಹಾಕಿ ಬಂದು ಕೇಳುತ್ತಾರೆ. "ಮೇಡಂ, ಇದ್ರಲ್ಲಿ ಊರಿಗೆಲ್ಲ ಹೋಗ್ತೀರಾ? ದಾರೀಲಿ ಚಾರ್ಜ್ ಮುಗಿದ್ರೆ ಏನ್ ಮಾಡ್ತೀರಾ?"

ಹೋಗುತ್ತೇವೆ. 2022ರಿಂದ ಹೋಗುತ್ತಿದ್ದೇವೆ. ಚಾರ್ಜ್ ಇದುವರೆಗೆ ಪೂರ್ತಿ ಮುಗಿದಿಲ್ಲ. ಮುಗಿಯುವ ಹತ್ತಿರ ಒಂದು ಸಲ ಬಂದಿತ್ತು. ಅದನ್ನು ಮುಚ್ಚಿಡದೆ ಹೇಳುತ್ತೇನೆ, ಏಕೆಂದರೆ ನನಗೆ ಪ್ಲಾನ್ ಮಾಡುವುದು ಕಲಿಸಿದ್ದೇ ಅದು.

ಮೊದಲು ನಮ್ಮ ದಾರಿ. ಮನೆ ಬನಶಂಕರಿಯಲ್ಲಿ, ನನ್ನ ತವರು ಪುತ್ತೂರಿನ ಹತ್ತಿರ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಆಮೇಲೆ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ. ಒಟ್ಟು ಸುಮಾರು 320 ಕಿಲೋಮೀಟರ್. ನಮ್ಮ ಕಾರಿನ ಬ್ಯಾಟರಿ ಹೆಚ್ಚುಕಡಿಮೆ 40 ಕಿಲೋವ್ಯಾಟ್ ಅವರ್. ಗಾಬರಿಯಾಗಬೇಡಿ, ಒಂದು ಕಿಲೋವ್ಯಾಟ್ ಅವರ್ ಅಂದರೆ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಒಂದು ಯೂನಿಟ್. ಅಂದರೆ 40 ಯೂನಿಟ್ ಹಿಡಿಯುವ ಟ್ಯಾಂಕು.

ಎಲ್ಲರೂ ಮುಂದೆ ಕೇಳುವುದು "ಫುಲ್ ಚಾರ್ಜಿಗೆ ಎಷ್ಟು ಕಿಲೋಮೀಟರ್ ಕೊಡುತ್ತೆ?" ಕಾಗದದ ಮೇಲೆ ನಾನ್ನೂರಕ್ಕೂ ಜಾಸ್ತಿ ಇದೆ. ಅದು ಸುಳ್ಳಲ್ಲ, ಆದರೆ ಲ್ಯಾಬಿನಲ್ಲಿ ರೋಲರ್ ಮೇಲೆ ನಿಲ್ಲಿಸಿ, ಬಹುಪಾಲು ನಿಧಾನವಾಗಿ ಓಡಿಸಿ ತೆಗೆದ ಲೆಕ್ಕ. ಹೈವೇಯ ಲೆಕ್ಕವೇ ಬೇರೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಹೋಗುವಾಗ ಇರುವ ತಡೆ 100ರಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗಿರುತ್ತದೆ. ಪೆಟ್ರೋಲ್ ಕಾರಿನಲ್ಲೂ ಇದೇ ಕಥೆ, ಆದರೆ ಅಲ್ಲಿ ಯಾರೂ ಗಮನಿಸುವುದಿಲ್ಲ, ಬಂಕ್ ಎಲ್ಲ ಕಡೆ ಇರುತ್ತದಲ್ಲ. ನಾನು 85ರ ಆಸುಪಾಸಿನಲ್ಲಿ ಓಡಿಸಿದರೆ ಯೂನಿಟ್‌ಗೆ ಆರೂವರೆ ಕಿಲೋಮೀಟರ್ ಸಿಗುತ್ತದೆ. ನಮ್ಮ ಯಜಮಾನರು ಓಡಿಸಿದರೆ ಐದೂವರೆ. ಈ ಒಂದು ಕಿಲೋಮೀಟರ್ ವಿಷಯಕ್ಕೆ ನಮ್ಮಲ್ಲಿ ಆಗಿರುವ ಜಗಳಗಳನ್ನು ಇಲ್ಲಿ ಬರೆಯುವುದಿಲ್ಲ.

ನಿಮ್ಮ ಕಾರಿನದೂ ಇದೇ ಅಂತಲ್ಲ. ಕಂಪನಿಯ ಅಂಕಿ ಮರೆತು, ನಿಮ್ಮ ಕೈಯಲ್ಲಿ ನಿಮ್ಮ ಕಾರು ಹೈವೇಯಲ್ಲಿ ಯೂನಿಟ್‌ಗೆ ಎಷ್ಟು ಓಡುತ್ತದೆ ಅನ್ನುವುದನ್ನು ಒಂದು ಭಾನುವಾರ ಮೈಸೂರಿಗೆ ಹೋಗಿಬಂದು ನೋಡಿಕೊಳ್ಳಿ. ಆ ಅಂಕಿ ಸಿಕ್ಕಿದರೆ ಉಳಿದದ್ದು ನಾಲ್ಕನೇ ಕ್ಲಾಸಿನ ಗಣಿತ.

ಈಗ ಆ ಒಂದು ಸಲದ ಕಥೆ. 2022ರ ದೀಪಾವಳಿ. ಕಾರು ಹೊಸದು, ಉತ್ಸಾಹವೂ ಹೊಸದು. ಹಾಸನದಲ್ಲಿ ನಿಲ್ಲುವುದು ಅಂತಿತ್ತು. ಅಲ್ಲಿ ಹೋದರೆ ಎರಡು ಕಾರು ಸಾಲಿನಲ್ಲಿ ನಿಂತಿವೆ. ಮ್ಯಾಪಿನಲ್ಲಿ ಸಕಲೇಶಪುರದ ಕಡೆ ಒಂದು ಹೋಟೆಲಿನಲ್ಲಿ ಚಾರ್ಜರ್ ತೋರಿಸುತ್ತಿತ್ತು, ಹಸಿರು ಬಣ್ಣದಲ್ಲಿ. ಸುಮ್ನೆ ಯಾಕೆ ಕಾಯುವುದು ಅಂತ ಹೊರಟೆವು. ತಲುಪಿದಾಗ ಉಳಿದದ್ದು 9 ಪರ್ಸೆಂಟ್. ಚಾರ್ಜರ್ ಇತ್ತು. ಪರದೆ ಕಪ್ಪಗಿತ್ತು. ಅದರ ಮೇಲೆ ಯಾರೋ ಒದ್ದೆ ಟವೆಲ್ ಒಣಹಾಕಿದ್ದರು.

"ಅದು ಮಳೇಲಿ ಹೋಯ್ತು ಅಕ್ಕ, ಆಮೇಲೆ ಯಾರೂ ಬಂದು ನೋಡಿಲ್ಲ" ಅಂದ ಹೋಟೆಲ್ ಹುಡುಗ.

9 ಪರ್ಸೆಂಟ್ ಅಂದರೆ ಮೂರೂವರೆ ಯೂನಿಟ್. ಘಾಟಿ ಇಳಿಯುವ ತನಕ ಹೆಚ್ಚು ಖರ್ಚಿಲ್ಲ, ಆದರೆ ಇಳಿದ ಮೇಲೆ ಇನ್ನೂ 45 ಕಿಲೋಮೀಟರ್ ಹೋಗಬೇಕು. ಸಾಲುವುದಿಲ್ಲ. ವಾಪಸ್ ಹಾಸನಕ್ಕೂ ಸಾಲುವುದಿಲ್ಲ. ಕೊನೆಗೆ ಹೋಟೆಲ್ ಮಾಲೀಕರನ್ನೇ ಕೇಳಿದೆವು. ಅಡುಗೆಮನೆಯ ಹಿಂದೆ ಗ್ರೈಂಡರ್ ಹಾಕುವ 15 ಆಂಪ್ ಸಾಕೆಟ್ ಇತ್ತು. ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರ್ ಅದಕ್ಕೆ ಹಾಕಿ ಕೂತೆವು. ಅಂಥ ಸಾಕೆಟ್‌ನಿಂದ ಗಂಟೆಗೆ ಮೂರು ಯೂನಿಟ್ ಹತ್ತಿರ ಬರುತ್ತದೆ, ಅಷ್ಟೇ. ಮೂರೂವರೆ ಗಂಟೆ ಕಾದೆವು. ನಡುವೆ ಸಂಜೆಯ ದೋಸೆ ಹಿಟ್ಟು ರುಬ್ಬಲಿಕ್ಕೆ ಅಂತ ಇಪ್ಪತ್ತು ನಿಮಿಷ ಪ್ಲಗ್ ತೆಗೆದರು. ನ್ಯಾಯವೇ ಅಲ್ವಾ, ಸಾಕೆಟ್ ಗ್ರೈಂಡರಿನದು. ಅಮ್ಮ ಬೆಂಚಿನ ಮೇಲೆ ಕೂತು ಗಂಟೆಗೊಂದು ಸಲ ಒಂದೇ ಮಾತು ಹೇಳಿದರು: "ಬಸ್ಸಲ್ಲಿ ಬಂದಿದ್ರೆ ಇಷ್ಟೊತ್ತಿಗೆ ಸ್ನಾನ ಆಗಿರ್ತಿತ್ತು."

ಆ ದಿನ ಕಾರಿನ ತಪ್ಪೇನೂ ಇರಲಿಲ್ಲ. ಅದು ಹೇಳಿದಷ್ಟು ಓಡಿತ್ತು. ನಾವು ಒಂದೇ ಚಾರ್ಜರ್ ನಂಬಿ ಬಂದದ್ದು ತಪ್ಪು. ಅಲ್ಲಿಂದೀಚೆಗೆ ನನ್ನ ಪ್ಲಾನಿನಲ್ಲಿ ಇರುವುದು ಒಂದೇ ಶರತ್ತು: ಯಾವ ಚಾರ್ಜರ್ ತಲುಪಿದರೂ, ಅದು ಸತ್ತಿದ್ದರೆ ಇನ್ನೊಂದಕ್ಕೆ ಹೋಗುವಷ್ಟು ಕೈಯಲ್ಲಿ ಉಳಿದಿರಬೇಕು. ನನಗೆ ಅದು 20 ಪರ್ಸೆಂಟ್. ಅಂದರೆ 8 ಯೂನಿಟ್, 50 ಕಿಲೋಮೀಟರ್. ಹಾಸನಕ್ಕೆ ನಾನು 25ರ ಹತ್ತಿರ ಇಟ್ಟುಕೊಂಡು ತಲುಪುತ್ತೇನೆ. ಅಲ್ಲಿ ಒಂದಲ್ಲದಿದ್ದರೆ ಇನ್ನೊಂದಿದೆ, ಯಾವುದೂ ಆಗದಿದ್ದರೆ ಸಕಲೇಶಪುರ 40 ಕಿಲೋಮೀಟರ್.

ಹೋಟೆಲುಗಳಲ್ಲೇ ಚಾರ್ಜರ್ ಯಾಕೆ ಇರುತ್ತವೆ ಅಂತಲೂ ಕೇಳುತ್ತಾರೆ. ಕರೆಂಟ್ ಮಾರಲಿಕ್ಕೆ ಲೈಸೆನ್ಸ್ ಬೇಕು. ಆದರೆ ಕಾರು ಚಾರ್ಜ್ ಮಾಡಿಕೊಡುವುದು ಕರೆಂಟ್ ಮಾರಾಟವಲ್ಲ, ಒಂದು ಸೇವೆ ಅಂತ ಕೇಂದ್ರದ ವಿದ್ಯುತ್ ಇಲಾಖೆ 2018ರಲ್ಲಿ ಸ್ಪಷ್ಟ ಮಾಡಿತು. ಅಲ್ಲಿಗೆ ಯಾರು ಬೇಕಾದರೂ ಹಾಕಬಹುದು ಅಂತಾಯಿತು. ಹೋಟೆಲಿನವರಿಗೂ ಲಾಭವೇ, ಮುಕ್ಕಾಲು ಗಂಟೆ ನಿಲ್ಲುವ ಗಿರಾಕಿ ಬರೀ ಕಾಫಿ ಕುಡಿದು ಏಳುವುದಿಲ್ಲ. ಹೈವೇಯಲ್ಲಿ ಎರಡೂ ಬದಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಜಾಗ ಇರಬೇಕು ಅಂತ ಅದೇ ವರ್ಷದ ಮಾರ್ಗಸೂಚಿ ಹೇಳಿತ್ತು. ಇದ್ದರೆ ಸಾಲದು, ಕೆಲಸ ಮಾಡಬೇಕು. ಅದನ್ನು ಬರೆಯಲು ಮರೆತರೋ ಏನೋ.

ಹೊರಡುವ ಹಿಂದಿನ ರಾತ್ರಿ ನಾನು ಕಾಲು ಗಂಟೆ ಫೋನ್ ಹಿಡಿದು ಕೂರುತ್ತೇನೆ. ಚಾರ್ಜರ್ ಎಲ್ಲೆಲ್ಲಿವೆ ಅಂತ ತೋರಿಸುವ ಪ್ಲಗ್‌ಶೇರ್ ಆ್ಯಪ್ ತೆಗೆದು ಹಾಸನದ ಎರಡು ಮೂರು ಚಾರ್ಜರ್ ನೋಡುತ್ತೇನೆ. ಸ್ಟಾರ್ ಎಷ್ಟು ಅಂತಲ್ಲ, ಕೊನೆಯ ಸಲ ಯಾರು ಯಾವಾಗ ಚಾರ್ಜ್ ಮಾಡಿದರು ಅಂತ. ನಿನ್ನೆ ಮೊನ್ನೆ ಒಬ್ಬರು "ಆಯ್ತು" ಅಂತ ಬರೆದಿದ್ದರೆ ಸಾಕು. ತಿಂಗಳಿಂದ ಯಾರೂ ಏನೂ ಬರೆಯದಿದ್ದರೆ ಆ ಟವೆಲ್ ನೆನಪಾಗುತ್ತದೆ. ನಂಬರ್ ಇದ್ದರೆ ಬೆಳಿಗ್ಗೆ ಹೋಟೆಲಿಗೇ ಫೋನ್ ಮಾಡುತ್ತೇನೆ. ಆ್ಯಪ್ ಹಸಿರು ತೋರಿಸಬಹುದು, ಸೆಕ್ಯುರಿಟಿಯವರು ಮಾತ್ರ ನಿಜ ಹೇಳುತ್ತಾರೆ.

ಮ್ಯಾಪಿನಲ್ಲಿ ಕಾಣುವುದೆಲ್ಲ ನಮಗಲ್ಲ ಅನ್ನುವುದೂ ಗೊತ್ತಿರಲಿ. ಕೆಲವು ಸ್ಕೂಟರಿನವು. ಕೆಲವು ಹಳೇ ಕಾಲದ ಪ್ಲಗ್ಗಿನವು. ಈಗಿನ ಹೆಚ್ಚಿನ ಕಾರುಗಳಿಗೆ ಬೇಕಾದದ್ದು ಸಿಸಿಎಸ್2 ಅನ್ನುವ ಗನ್, ಅಂದರೆ ಕಾರಿಗೆ ಸಿಕ್ಕಿಸುವ ಪ್ಲಗ್, ಇರುವ ಡಿಸಿ ಫಾಸ್ಟ್ ಚಾರ್ಜರ್. 7 ಕಿಲೋವ್ಯಾಟಿನ, ಅಂದರೆ ಗಂಟೆಗೆ 7 ಯೂನಿಟ್ ಕೊಡುವ, ನಿಧಾನದ ಎಸಿ ಚಾರ್ಜರ್ ರಾತ್ರಿ ಲಾಡ್ಜಿನಲ್ಲಿ ಉಳಿದಾಗ ಸರಿ, ದಾರಿಯ ನಡುವೆ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ಮೋಸ ಇದೆ: ಬೋರ್ಡಿನಲ್ಲಿ 60 ಕಿಲೋವ್ಯಾಟ್ ಅಂತ ಇರುತ್ತದೆ, ಗನ್ ಎರಡು ಇರುತ್ತವೆ. ಪಕ್ಕದಲ್ಲಿ ಇನ್ನೊಂದು ಕಾರು ಹಾಕಿದರೆ ಎಷ್ಟೋ ಕಡೆ ಅದು 30, 30 ಆಗಿ ಹಂಚಿಹೋಗುತ್ತದೆ.

ಆ್ಯಪುಗಳ ಗೋಳು ಬೇರೆ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದಕ್ಕೆ ಒಂದೊಂದು ವ್ಯಾಲೆಟ್. ನನ್ನ ಫೋನಿನಲ್ಲಿ ಏಳಿವೆ. ಎಲ್ಲದರಲ್ಲೂ ಇನ್ನೂರು ಮುನ್ನೂರು ರೂಪಾಯಿ ಬಿದ್ದಿದೆ, ಸಾಸಿವೆ ಡಬ್ಬಿಯಲ್ಲಿ ಇಟ್ಟು ಮರೆತ ದುಡ್ಡಿನ ಹಾಗೆ. ಇದನ್ನು ಮನೆಯಲ್ಲೇ, ವೈಫೈ ಇರುವಾಗಲೇ ಹಾಕಿಕೊಳ್ಳಿ. ಸಿಗ್ನಲ್ ಇಲ್ಲದ ಜಾಗದಲ್ಲಿ ನಿಂತು ಓಟಿಪಿಗೆ ಕಾಯುವ ಕಷ್ಟ ಯಾರಿಗೂ ಬೇಡ.

ಹಾಸನದಲ್ಲಿ ನಿಲ್ಲುವುದು ಬ್ಯಾಟರಿಗಿಂತ ಹೆಚ್ಚಾಗಿ ಹೊಟ್ಟೆಯ ಲೆಕ್ಕದಲ್ಲಿ. ಐದಕ್ಕೆ ಬಿಟ್ಟರೆ ಎಂಟೂವರೆಗೆ ಅಲ್ಲಿ, ಸರಿಯಾಗಿ ತಿಂಡಿ ಹೊತ್ತು. 70 ಪರ್ಸೆಂಟ್ ತನಕ ಹಾಕಲು ಅರ್ಧ ಗಂಟೆ ಚಿಲ್ಲರೆ ಸಾಕು. ಅಮ್ಮ ಇಡ್ಲಿ ತಿಂದು, ಕೈ ತೊಳೆದು, ಕಾಫಿ ಬಿಸಿ ಇಲ್ಲ ಅಂತ ಇನ್ನೊಂದು ತರಿಸುವಷ್ಟರಲ್ಲಿ ಆಗಿರುತ್ತದೆ. 80ರ ಮೇಲೆ ಕಾಯುವುದು ಬರೀ ವೇಸ್ಟು. ಬ್ಯಾಟರಿ ತುಂಬುತ್ತಾ ಬಂದ ಹಾಗೆ ಒಳಗೆ ಹೋಗುವ ಕರೆಂಟನ್ನು ಕಾರೇ ಕಡಿಮೆ ಮಾಡುತ್ತದೆ. ಸಿಟಿ ಬಸ್ಸಿಗೆ ಜನ ಹತ್ತಿದ ಹಾಗೆ, ಮೊದಲ ಮೂವತ್ತು ಜನ ಸಲೀಸು, ಕೊನೆಯ ಐದು ಜನಕ್ಕೆ ಒದ್ದಾಟ. ಹಿಂದೆ ಇನ್ನೊಬ್ಬರು ಕಾಯುತ್ತಿದ್ದರಂತೂ 80ಕ್ಕೆ ತೆಗೆದುಬಿಡಿ, ಮರ್ಯಾದೆ.

ಹಾಸನದಿಂದ ಮುಂದಿನ ದಾರಿ ನನಗೆ ಬಹಳ ಇಷ್ಟ. ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಅಲ್ಲಿಂದ ಗುಂಡ್ಯದ ತನಕ ಇಳಿಜಾರು. ಇಳಿಯುವಾಗ ಕಾಲು ತೆಗೆದರೆ ಮೋಟರೇ ಡೈನಮೋ ಆಗಿ ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ಘಾಟಿ ಮುಗಿಯುವಾಗ ಪರ್ಸೆಂಟ್ ಇಳಿದಿರುವುದೇ ಇಲ್ಲ, ಕೆಲವು ಸಲ ಒಂದೆರಡು ಏರಿರುತ್ತದೆ. ಮೊದಲ ಸಲ ನೋಡಿದಾಗ ಮಗ "ಅಮ್ಮಾ, ಓಡಿಸಿದ್ರೂ ಜಾಸ್ತಿ ಆಗ್ತಿದೆ" ಅಂತ ಕಿರುಚಿದ್ದ. ಆದರೆ ಸಕಲೇಶಪುರದಲ್ಲಿ ಯಾರಾದರೂ 100ಕ್ಕೆ ತುಂಬಿಕೊಂಡು ಇಳಿದರೆ ಈ ಭಾಗ್ಯ ಇಲ್ಲ. ತುಂಬಿದ ಕೊಡಕ್ಕೆ ನೀರು ಹಾಕಲಾಗುವುದಿಲ್ಲ, ಬರೀ ಬ್ರೇಕ್ ಒತ್ತಿಕೊಂಡೇ ಇಳಿಯಬೇಕು.

ಇಳಿದದ್ದನ್ನು ಹತ್ತಲೂಬೇಕು. ಜನ ಸಮೇತ 1,800 ಕಿಲೋ ತೂಗುವ ಕಾರನ್ನು 850 ಮೀಟರ್ ಎತ್ತಲು, ಬರೀ ಎತ್ತಲು, ನಾಲ್ಕು ಯೂನಿಟ್ ಮೇಲೆ ಬೇಕು. ಹಾಗಾಗಿ ಬರುವಾಗಿನ ಲೆಕ್ಕ ಹೋಗುವಾಗಿನಂತಲ್ಲ. ಹೋಗುವಾಗ ಹಾಸನ ಒಂದೇ ನಿಲ್ಲುವ ಜಾಗ. ಬರುವಾಗ ಹಾಸನ, ಆಮೇಲೆ ಚನ್ನರಾಯಪಟ್ಟಣ ದಾಟಿ ಕಾಲು ಗಂಟೆಯ ಇನ್ನೊಂದು.

ಮಳೆಗಾಲಕ್ಕೆ ಬೇರೆ ಲೆಕ್ಕ. 2024ರ ಜುಲೈನಲ್ಲಿ ದೊಡ್ಡತಪ್ಪಲು ಹತ್ತಿರ ಗುಡ್ಡ ಕುಸಿದು ಶಿರಾಡಿ ದಾರಿ ಬಂದ್ ಆಗಿತ್ತು. ಅಂಥ ದಿನ ಚಾರ್ಮಾಡಿಗೆ ತಿರುಗಿಸಿದರೆ ಲೆಕ್ಕವೆಲ್ಲ ತಲೆಕೆಳಗು. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಹಾಸನದಲ್ಲಿ 70 ಅಲ್ಲ, 85 ಮಾಡಿಕೊಂಡೇ ಹೊರಡುತ್ತೇನೆ. ಆ ಹೆಚ್ಚಿನ ಹೊತ್ತು ಬೇಜಾರೇ. ಆದರೆ ಗುಡ್ಡದ ಮೇಲೆ ಟ್ರಾಫಿಕ್ಕಿನಲ್ಲಿ ಕೂತು ಪರ್ಸೆಂಟ್ ನೋಡುವ ಬೇಜಾರಿಗಿಂತ ವಾಸಿ.

ಇನ್ನು ಊರು ತಲುಪಿದ ಮೇಲೆ. "ಹಳ್ಳೀಲಿ ಎಲ್ಲಿ ಚಾರ್ಜ್ ಮಾಡ್ತೀರಾ?" ಮನೆಯಲ್ಲೇ. ಆದರೆ ಮೊದಲ ಸಲ ಪೋರ್ಟಬಲ್ ಚಾರ್ಜರ್ ಹಾಕಿದ ಕೂಡಲೇ ಕೆಂಪು ದೀಪ ಹೊತ್ತಿತು. ಅರ್ಥಿಂಗ್ ಸರಿ ಇರಲಿಲ್ಲ. ಮಿಕ್ಸಿ, ಫ್ರಿಜ್ಜು ಅರ್ಥಿಂಗ್ ಇಲ್ಲದಿದ್ದರೂ ಬಾಯಿ ಮುಚ್ಚಿಕೊಂಡು ಓಡುತ್ತವೆ, ಕಾರು ಒಪ್ಪುವುದಿಲ್ಲ. ಅಣ್ಣ ಎಲೆಕ್ಟ್ರಿಷಿಯನ್ ಕರೆಸಿ ಹಿತ್ತಲಲ್ಲಿ ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹಾಕಿಸಿ ಹೊಸ ಅರ್ಥಿಂಗ್ ಮಾಡಿಸಿದ. ಈಗ ರಾತ್ರಿ ಹತ್ತು ಗಂಟೆ ಹೊತ್ತು ಹಾಕಿಟ್ಟರೆ 30 ಯೂನಿಟ್. ಬೇಸಿಗೆಯಲ್ಲಿ ಸುತ್ತಲಿನ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ ಬಿದ್ದು ಚಾರ್ಜಿಂಗ್ ನಿಂತುಬಿಡುತ್ತದೆ, ಆಗ ಎರಡು ರಾತ್ರಿ ಬೇಕು. ದಯವಿಟ್ಟು ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿ ಕಿಟಕಿಯಿಂದ ವೈರ್ ಎಳೆಯಬೇಡಿ. ಗಂಟೆಗಟ್ಟಲೆ ಅಷ್ಟು ಕರೆಂಟ್ ಹರಿದರೆ ಅಗ್ಗದ ಬಾಕ್ಸ್ ಕರಗುತ್ತದೆ. ನಮ್ಮದೇ ಒಂದು ಕರಗಿದೆ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದಾರಿಯಲ್ಲಿ ಫಾಸ್ಟ್ ಚಾರ್ಜಿಂಗ್ ಯೂನಿಟ್‌ಗೆ 20 ರೂಪಾಯಿಯ ಆಚೀಚೆ, ಮೇಲೆ ಜಿಎಸ್‌ಟಿ. ಹೋಗುವಾಗ ಹಾಸನದಲ್ಲಿ ನಾನ್ನೂರು ಐನೂರು ಆಗುತ್ತದೆ. ಮನೆಯಲ್ಲಿ ತುಂಬಿಸಿಕೊಂಡದ್ದು ಅದಕ್ಕಿಂತ ಕಡಿಮೆ. ಹಿಂದಿನ ಪೆಟ್ರೋಲ್ ಕಾರಿಗೆ ಇದೇ ದಾರಿಗೆ ಎರಡು ಸಾವಿರ ಬೇಕಿತ್ತು.

ಅಂದಹಾಗೆ ಬೆಂಗಳೂರಿನವರು ಇದನ್ನು ಹೊಸ ಪ್ರಾಣಿ ನೋಡಿದ ಹಾಗೆ ನೋಡುವುದು ನನಗೆ ತಮಾಷೆ. 2001ರಲ್ಲೇ ರೇವಾ ಕಾರು ಬಂದದ್ದು ಈ ಊರಿನಿಂದ. ಅದು ಜಿ-ವಿಜ್ ಅನ್ನುವ ಹೆಸರಿನಲ್ಲಿ ಲಂಡನ್ ಬೀದಿಗಳಲ್ಲೂ ಓಡಿತು. ಒಂದು ಚಾರ್ಜಿಗೆ 80 ಕಿಲೋಮೀಟರ್. ಆಗ ಜಯನಗರದಲ್ಲಿ ಒಂದು ರೇವಾ ನೋಡಿ ನಾನೂ ಕೇಳಿದ್ದೆ, "ಸಾರ್, ಚಾರ್ಜ್ ಮುಗಿದ್ರೆ?" ಆ ಪುಣ್ಯಾತ್ಮರು "ತಳ್ಳೋದು" ಅಂದಿದ್ದರು.

ಹಬ್ಬದ ಸಾಲುರಜೆಯಲ್ಲಿ ಮಾತ್ರ ಇಷ್ಟೆಲ್ಲ ಪ್ಲಾನ್ ಮಾಡಿದರೂ ಹಾಸನದಲ್ಲಿ ಕ್ಯೂ ತಪ್ಪುವುದಿಲ್ಲ. ಅದಕ್ಕೆ ನಾವು ಒಂದು ದಿನ ಮುಂಚೆ, ಇಲ್ಲವೇ ಬೆಳಗಿನ ಜಾವ ನಾಲ್ಕಕ್ಕೆ ಹೊರಡುತ್ತೇವೆ. ಈ ದೀಪಾವಳಿಗೆ ಇನ್ನೊಂದು ತೊಂದರೆ ಸೇರಿಕೊಂಡಿದೆ. ಮೂರು ವರ್ಷ ನನ್ನನ್ನು ಇದೇ ಪ್ರಶ್ನೆ ಕೇಳಿ ತಲೆ ತಿಂದ ಅಣ್ಣ ಕಳೆದ ತಿಂಗಳು ತಾನೇ ಒಂದು ಎಲೆಕ್ಟ್ರಿಕ್ ಕಾರು ತಂದಿದ್ದಾನೆ. ಮೊನ್ನೆ ಫೋನ್ ಮಾಡಿದ್ದ. ಮನೆಯಲ್ಲಿ ಇರುವುದು ಒಂದೇ ಸಾಕೆಟ್, ಹಬ್ಬದ ರಾತ್ರಿ ಅದು ತನಗೇ ಅಂತೆ. ನಾನು ಬೇಕಾದರೆ ಗ್ರೈಂಡರಿನ ಸಾಕೆಟ್ ತಗೊಳ್ಳಬೇಕಂತೆ.