ನಕ್ಕು ಹಚ್ಚಿದ ಬ್ಲಶ್
ಬ್ಲಶ್, ಅಂದ್ರೆ ಕೆನ್ನೆಗೆ ಕೆಂಪೇರಿಸೋ ಬಣ್ಣ, ಹಚ್ಚುವಾಗ ತುಂಬಾ ಜನ ಹಲ್ಲು ಬಿಟ್ಟು ನಗ್ತಾರೆ. ಎಡವಟ್ಟಾಗೋದು ಅಲ್ಲೇ. ನಗು ನಿಂತ ಮೇಲೆ ಉಬ್ಬಿದ ಕೆನ್ನೆ ಇಳಿಯುತ್ತೆ, ಬಣ್ಣವೂ ಜೊತೆಗೇ ಇಳಿದು ಮುಖ ಜೋತುಬಿದ್ದಂತೆ ಕಾಣುತ್ತೆ. ಮುಖ ಸಡಿಲ ಬಿಟ್ಟು, ಮೂಗಿನಿಂದ ಎರಡು ಬೆರಳು ದೂರದಲ್ಲಿ, ಕೆನ್ನೆಮೂಳೆಯ ಮೇಲೆ ಶುರುಮಾಡಿ ಕಿವಿಯ ಕಡೆ ಮೇಲಕ್ಕೆ ಒಯ್ಯಿರಿ. ಕ್ರೀಮ್ ಬ್ಲಶ್ ಆದರೆ ಎರಡೂ ಕೆನ್ನೆಗೆ ಸೇರಿ ಒಂದು ಹೆಸರುಕಾಳಿನಷ್ಟು ಸಾಕು. ಉಂಗುರದ ಬೆರಳಲ್ಲಿ ತಟ್ಟಿ. ಉಜ್ಜಿದರೆ ಕೆಳಗಿನ ಫೌಂಡೇಶನ್ (ಮೊದಲು ಹಚ್ಚಿದ ಮೈಬಣ್ಣದ ಲೇಪ) ಎದ್ದು ಬರುತ್ತೆ. ಪೌಡರ್ ಮೇಲೆ ಕ್ರೀಮ್ ಹಾಕಿದರೆ ತೇಪೆ ತೇಪೆ. ಬಣ್ಣದ ಅಂಚು ಕಾಣದ ಹಾಗೆ ಬೆರೆಸಿ. ನಾಚಿದಾಗ ಏರುವ ಕೆಂಪಿಗೆ ಅಂಚು ಇರುತ್ತಾ ಹೇಳಿ?

ಕಂದು ಮೈಬಣ್ಣಕ್ಕೆ ತಿಳಿ ಗುಲಾಬಿ ಹಚ್ಚಿದರೆ ಬೂದಿ ಬಳಿದ ಹಾಗೆ. ಇಟ್ಟಿಗೆ ಕೆಂಪು, ನೇರಳೆಹಣ್ಣಿನ ಬಣ್ಣ ನೋಡಿ. ಡಬ್ಬಿಯಲ್ಲಿ ಹೆದರಿಸುತ್ತವೆ, ಕೆನ್ನೆ ಮೇಲೆ ಸಹಜ. ಜಾಸ್ತಿಯಾಯ್ತಾ? ಒರೆಸಬೇಡಿ, ಫೌಂಡೇಶನ್ ಹಚ್ಚಿದ ಸ್ಪಂಜನ್ನೇ ಮೇಲೆ ಒತ್ತಿ. ಆಮೇಲೆ ಕಿಟಕಿ ಹತ್ತಿರ ಹೋಗಿ ನೋಡ್ಕೊಳ್ಳಿ. ಹಳದಿ ಬಲ್ಬಿನಡಿ ಎಷ್ಟು ಹಚ್ಚಿದರೂ ಕಮ್ಮಿ ಅನ್ನಿಸುತ್ತೆ.