ಚೆಬಿಶೆವ್ ಗೆರೆಗಳು: ಕಂಪೈಲ್ ಆಯ್ತು, ಪ್ಲಾಟ್ ಕೆಟ್ಟಿತು

ಈ ಸಲದ ಗುರಿ ಸಣ್ಣದು. ಟಿ1ರಿಂದ ಟಿ50ರವರೆಗಿನ ಚೆಬಿಶೆವ್ ಬಹುಪದೋಕ್ತಿಗಳಿಗೆ (ಎಕ್ಸ್‌ನ ಘಾತಗಳಿಂದಾದ ಸೂತ್ರಗಳು, ಟಿ50ರಲ್ಲಿ 50ನೇ ಘಾತದವರೆಗೆ) ಮ್ಯಾಥಮ್ಯಾಟಿಕಾ ಎಂಬ ಗಣಿತದ ತಂತ್ರಾಂಶದಲ್ಲಿ ಒಂದೊಂದು ಕಂಪೈಲ್ ಆದ, ಅಂದರೆ ವೇಗವಾಗಿ ಓಡುವ ರೂಪಕ್ಕೆ ಮೊದಲೇ ತಂದಿಟ್ಟ ಫಂಕ್ಷನ್ ತಾನಾಗಿಯೇ ಹುಟ್ಟಬೇಕು, ಆಮೇಲೆ ಎಲ್ಲವನ್ನೂ -1ರಿಂದ 1ರವರೆಗೆ ಪ್ಲಾಟ್ ಮಾಡಬೇಕು. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಮೂರು ಸಂಜೆ ಹೋಯ್ತು.

ಮೊದಲ ಸಂಜೆ, ಎನ್‌ಗೆ 1ರಿಂದ 50ರವರೆಗೆ ಬೆಲೆ ಕೊಡುತ್ತಾ ಪಟ್ಟಿ ಮಾಡುವ ಟೇಬಲ್ ಒಳಗೆ ಸುಮ್ನೆ ಕಂಪೈಲ್ ಇಟ್ಟೆ. 50 ಫಂಕ್ಷನ್ ಬಂದವು, ಕರೆದರೆ ಒಂದೂ ಸರಿಯಾಗಿ ಉತ್ತರ ಕೊಡಲಿಲ್ಲ. ಕಾರಣ ಇಷ್ಟೇ: ಕಂಪೈಲ್ ತನ್ನೊಳಗಿನ ಸೂತ್ರವನ್ನು ಬಿಡಿಸಿ ನೋಡುವುದಿಲ್ಲ, ಬರೆದದ್ದನ್ನು ಹಾಗೇ ತೆಗೆದುಕೊಳ್ಳುತ್ತದೆ. ಹಾಗಾಗಿ ಎನ್ ಎಂಬ ಅಕ್ಷರ ಅಕ್ಷರವಾಗಿಯೇ ಉಳಿದಿತ್ತು, ಟೇಬಲ್ ಮುಗಿದ ಮೇಲೆ ಅದಕ್ಕೆ ಬೆಲೆಯೇ ಇರಲಿಲ್ಲ. ಕಂಪೈಲ್‌ಪ್ರಿಂಟ್ ಹಾಕಿ ಒಳಗೆ ಇಣುಕಿದರೆ ಮೇನ್‌ಇವ್ಯಾಲ್ಯುಯೇಟ್ ಎಂಬ ಸಾಲು ಕಾಣಿಸಿತು. ಅದು ಕಂಡರೆ ಆ ಭಾಗ ಕಂಪೈಲ್ ಆಗಿಲ್ಲ, ಪ್ರತಿ ಸಲವೂ ಮೂಲ ವ್ಯವಸ್ಥೆಯ ಬಾಗಿಲು ತಟ್ಟುತ್ತಿದೆ ಎಂದರ್ಥ.

ಸರಿ, ಮೊದಲೇ ಬಿಡಿಸು ಎಂದು ಹೇಳುವ ಇವ್ಯಾಲ್ಯುಯೇಟ್ ಅನ್ನು ಸೂತ್ರದ ಸುತ್ತ ಹಾಕಿದೆ. ಈಗ 50 ಗೆರೆಗಳೂ ಮಲಗಿದಂತೆ ನೇರ! ಹಿಂದೆ ಯಾವಾಗಲೋ ಎಕ್ಸ್‌ಗೆ 0.3 ಕೊಟ್ಟು ಮರೆತಿದ್ದೆ, ಅದು ಸೂತ್ರದೊಳಗೆ ನುಗ್ಗಿ ಎಲ್ಲವನ್ನೂ ಬರೀ ಸಂಖ್ಯೆ ಮಾಡಿತ್ತು. ಎಕ್ಸ್‌ನ ಬೆಲೆ ಅಳಿಸಿದ ಮೇಲೆ ಸರಿಹೋಯ್ತು.

ಎರಡನೇ ಸಂಜೆ ಪ್ಲಾಟ್. ಗೆರೆಗಳಿಗೆ ಬೇರೆ ಬೇರೆ ಬಣ್ಣ ಬರಲಿ ಅಂತ ಅಲ್ಲೂ ಇವ್ಯಾಲ್ಯುಯೇಟ್ ಹಾಕಿದೆ. ಚಿತ್ರ ಬಂತು, ಜೊತೆಗೆ ಕೆಂಪು ಎಚ್ಚರಿಕೆಗಳ ರಾಶಿ: ಸಂಖ್ಯೆ ಬೇಕಿತ್ತು, ಎಕ್ಸ್ ಸಿಕ್ಕಿದೆ ಅಂತ. ಸಂಖ್ಯೆ ಸಿಗದಿದ್ದಾಗ ಕಂಪೈಲ್ ಆದ ಫಂಕ್ಷನ್ ಕೈಚೆಲ್ಲಿ, ಮೂಲ ಸೂತ್ರವನ್ನೇ ಬಿಡಿಸಿ ಕೊಟ್ಟುಬಿಡುತ್ತದೆ. ಅಂದರೆ ನಾನು ನೋಡುತ್ತಿದ್ದ ಚಿತ್ರದಲ್ಲಿ ಕಂಪೈಲ್‌ನ ಪಾತ್ರ ಸೊನ್ನೆ. ಪ್ಲಾಟ್ ಜೊತೆ ಜಗಳ ಬೇಡ ಅಂತ ಫಂಕ್ಷನ್‌ಗಳನ್ನು ಲಿಸ್ಟಬಲ್ ಮಾಡಿ (ಇಡೀ ಪಟ್ಟಿಯನ್ನೇ ತೆಗೆದುಕೊಳ್ಳುವಂತೆ), 2000 ಬಿಂದುಗಳನ್ನು ಒಟ್ಟಿಗೆ ಕೊಟ್ಟು, ಬಂದ ಉತ್ತರವನ್ನು ಬಿಂದುಗಳನ್ನು ಗೆರೆಯಾಗಿ ಜೋಡಿಸುವ ಲಿಸ್ಟ್‌ಲೈನ್‌ಪ್ಲಾಟ್‌ಗೆ ಹಾಕಿದೆ.

ನಿಜವಾದ ತಲೆನೋವು ಆಗ ಕಾಣಿಸಿತು. ಟಿ10, ಟಿ20 ಚೆನ್ನಾಗಿವೆ. ಟಿ50 ಮಾತ್ರ ನಡುವೆ ಚೆಂದ, 0.8ರ ಹತ್ತಿರ ಗೆರೆಗೆ ಮುಳ್ಳು ಮೂಡುತ್ತದೆ, 1ರ ಸಮೀಪ ಹತ್ತು, ನೂರರ ಲೆಕ್ಕದಲ್ಲಿ ಮೇಲೆ ಕೆಳಗೆ ಹಾರುತ್ತದೆ. ಈ ವ್ಯಾಪ್ತಿಯಲ್ಲಿ ಅದು 1 ಮತ್ತು -1ರ ಆಚೆ ಹೋಗುವ ಹಾಗೇ ಇಲ್ಲ ಅಲ್ವಾ! ಕಂಪೈಲ್‌ಗೆ ಬೈದೆ. ಆಮೇಲೆ ಕಂಪೈಲ್ ಮಾಡದ, ಎಕ್ಸ್‌ನ ಘಾತಗಳಾಗಿ ಬಿಡಿಸಿದ ಸೂತ್ರಕ್ಕೇ ದಶಮಾಂಶ ಕೊಟ್ಟು ನೋಡಿದೆ, ಅಲ್ಲೂ ಅದೇ ಕಸ. ಟಿ50ರ ಮೊದಲ ಸಹಗುಣಕವೇ 2ರ 49ನೇ ಘಾತ, ನಡುವಿನ ಕೆಲವು 10ರ 18ನೇ ಘಾತದ ಆಸುಪಾಸು, ಚಿಹ್ನೆ ಒಂದು ಬಿಟ್ಟು ಒಂದು ಪ್ಲಸ್, ಮೈನಸ್. ಇಷ್ಟು ದೊಡ್ಡ ಸಂಖ್ಯೆಗಳು ಒಂದನ್ನೊಂದು ಕಳೆದು ಕೊನೆಗೆ 1ರ ಒಳಗೆ ಬರಬೇಕು, ಯಂತ್ರದ ದಶಮಾಂಶ ಸಂಖ್ಯೆ ಹಿಡಿಯುವುದು ಸುಮಾರು 16 ಅಂಕಿ ಮಾತ್ರ. ಉಳಿದದ್ದೆಲ್ಲ ಕಳೆಯುವಾಗ ಉದುರಿದ ಹೊಟ್ಟು. ಪೂರ್ಣಾಂಕ, ಭಿನ್ನರಾಶಿ ಕೊಟ್ಟರೆ ಮ್ಯಾಥಮ್ಯಾಟಿಕಾ ನಿಖರವಾಗಿಯೇ ಲೆಕ್ಕ ಹಾಕುತ್ತದೆ, ಆದರೆ ಕಂಪೈಲ್ ಆದದ್ದರೊಳಗೆ ಆ ಸೌಲಭ್ಯ ಇಲ್ಲ.

ಮೂರನೇ ಸಂಜೆ ಬಿಡಿಸಿದ ಸೂತ್ರವನ್ನೇ ಬಿಟ್ಟೆ. 1 ಮತ್ತು ಎಕ್ಸ್‌ನಿಂದ ಶುರು, ಪ್ರತಿ ಹೆಜ್ಜೆಗೂ ಹಿಂದಿನದನ್ನು 2 ಎಕ್ಸ್‌ನಿಂದ ಗುಣಿಸಿ ಅದರ ಹಿಂದಿನದನ್ನು ಕಳೆಯುವುದು, ಅಷ್ಟೇ. ಈ ಲೂಪ್ ಪೂರ್ತಿ ಕಂಪೈಲ್ ಆಯ್ತು, ಮೇನ್‌ಇವ್ಯಾಲ್ಯುಯೇಟ್ ಸುಳಿವೂ ಇಲ್ಲ. ಟಿ50 ಲೆಕ್ಕ ಹಾಕಲು ಇನ್ನೊಂದು ದಾರಿಯಿದೆ: ಎಕ್ಸ್‌ನ ಆರ್ಕ್‌ಕೊಸೈನ್ ತೆಗೆದು, 50ರಿಂದ ಗುಣಿಸಿ, ಕೊಸೈನ್ ಹಾಕುವುದು. ಹಾಗೆ ಬಂದ ಗೆರೆಯ ಮೇಲೆ ಇದನ್ನಿಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ತಮಾಷೆ ಏನಂದ್ರೆ, ಲೂಪ್‌ನಲ್ಲಿ ಎನ್ ಕೂಡ ಒಂದು ಇನ್‌ಪುಟ್ ಆದ್ದರಿಂದ ಈಗ ಇರುವುದು ಒಂದೇ ಫಂಕ್ಷನ್. 50 ಹುಟ್ಟಿಸುವ ಕೋಡ್ ಬರೆಯಲು ಪಟ್ಟ ಪಾಡು ಹಾಗೇ ಫೈಲ್‌ನಲ್ಲಿ ಬಿದ್ದಿದೆ, ಅಳಿಸಲು ಮನಸ್ಸಾಗಿಲ್ಲ. ಮುಂದೆ ಕಂಪೈಲ್‌ನ ಟಾರ್ಗೆಟ್ ಅನ್ನು ಸಿ ಭಾಷೆ ಮಾಡಿ ವೇಗ ನೋಡಬೇಕು, ಅದಕ್ಕೆ ಮೊದಲು ಯಂತ್ರದಲ್ಲಿ ಒಂದು ಸಿ ಕಂಪೈಲರ್ ಹಾಕಿಕೊಳ್ಳಬೇಕು.