‘ಏನೂ ಇಲ್ಲ ಅಲ್ವಾ?’

ಎಂ.ಎಸ್ಸಿ. ಸೈಕಾಲಜಿ ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ. ಹಳೆ ಮೈಸೂರು ಕಡೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ಆರಾರು ತಿಂಗಳ ಗುತ್ತಿಗೆ, ಸಂಬಳ ಬಂದಾಗ ಬಂತು. ಸಂಶೋಧನೆಯ ವಿಷಯ ಮೂರ್ಛೆರೋಗ ಇರುವವರಲ್ಲಿ ಕಾಣುವ ಖಿನ್ನತೆ. ಓಪಿಡಿ ದಿನ ಪಕ್ಕದ ಚಿಕ್ಕ ರೂಮಿನಲ್ಲಿ ಕೂತು, ಡಾಕ್ಟರಿಗೆ ತೋರಿಸಿಕೊಂಡು ಬಂದವರಿಗೆ ಪ್ರಶ್ನೆ ಕೇಳಿ, ಅಂಕ ಹಾಕಿ, ಸಂಜೆ ಎಕ್ಸೆಲ್‌ಗೆ ತುಂಬಬೇಕು. ಕೇಳೋದರಲ್ಲಿ ಏನು ಮಹಾ ಅಂದುಕೊಂಡಿದ್ದೆ. (ಇಲ್ಲಿ ಬರುವ ರೋಗಿಗಳ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.)

ಫಿಟ್ಸ್ ಅಂದರೆ ಜನರಿಗೆ ಕಾಣೋದು ಬಿದ್ದು ಒದ್ದಾಡುವ ಆ ಒಂದೆರಡು ನಿಮಿಷ ಮಾತ್ರ. ಓಡಿ ಬಂದು ಕೈಗೆ ಬೀಗದಕೈ ಗೊಂಚಲು ತುರುಕುತ್ತಾರೆ. ಅದರಿಂದ ಏನೂ ಪ್ರಯೋಜನ ಇಲ್ಲ. ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕದಿದ್ದರೆ ಸಾಕು. ಉಳಿದ ದಿನಗಳು ಹೇಗಿರುತ್ತವೆ ಅಂತ ವಿಚಾರಿಸುವವರು ಕಡಿಮೆ. ಮೂರ್ಛೆರೋಗ ಇರುವ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತೆ. ‘ಇಂಥ ಕಾಯಿಲೆ ಬಂತಲ್ಲಾ’ ಅನ್ನೋ ಕೊರಗು ಅದಕ್ಕೆ ಒಂದು ಕಾರಣ ಅಷ್ಟೇ. ಮೊದಲು ಖಿನ್ನತೆ ಬಂದವರಲ್ಲಿ ಮುಂದೆ ಮೂರ್ಛೆ ಕಾಣಿಸಿಕೊಳ್ಳುವ ಸಾಧ್ಯತೆಯೂ ಉಳಿದವರಿಗಿಂತ ಹೆಚ್ಚು. ಅಂದರೆ ಎರಡರ ಬೇರೂ ಮಿದುಳಿನಲ್ಲಿ ಎಲ್ಲೋ ಹೆಣೆದುಕೊಂಡಿವೆ.

ನಾವು ಬಳಸುತ್ತಿದ್ದದ್ದು ಎನ್‌ಡಿಡಿಐ-ಇ ಅನ್ನುವ ಪ್ರಶ್ನಾವಳಿ. 2006ರಲ್ಲಿ ಪ್ರಕಟವಾದದ್ದು, ಮೂರ್ಛೆರೋಗಿಗಳಿಗೆಂದೇ ಮಾಡಿದ್ದು. ಸಾಮಾನ್ಯ ಖಿನ್ನತೆಯ ಪ್ರಶ್ನಾವಳಿಗಳಲ್ಲಿ ನಿದ್ದೆ, ಸುಸ್ತು, ಹಸಿವು, ಮರೆವು ಎಲ್ಲ ಕೇಳುತ್ತಾರೆ. ಫಿಟ್ಸ್ ಮಾತ್ರೆ ನುಂಗುವವರಿಗೆ ಅವೆಲ್ಲ ಮಾತ್ರೆಯಿಂದಲೇ ಬಂದಿರಬಹುದು. ಅದಕ್ಕೇ ಇದರಲ್ಲಿ ಅವನ್ನು ಬಿಟ್ಟು ಆರೇ ಪ್ರಶ್ನೆ, ಹಿಂದಿನ ಎರಡು ವಾರದ ಬಗ್ಗೆ. ಪ್ರತಿಯೊಂದಕ್ಕೂ 1ರಿಂದ 4 ಅಂಕ: ‘ಇಲ್ಲ’ ಅಂದರೆ 1, ‘ಯಾವಾಗಲೂ’ ಅಂದರೆ 4. ಒಟ್ಟು 15 ದಾಟಿದರೆ ಮುಂದಿನ ತಪಾಸಣೆಗೆ ಕಳಿಸಬೇಕು.

ಕನ್ನಡಕ್ಕೆ ತರುವಾಗಲೇ ಪಾಠ ಶುರುವಾಯಿತು. ಮೊದಲ ಕರಡಿನಲ್ಲಿ ‘ಎಲ್ಲವೂ ಹೋರಾಟ ಅನ್ನಿಸುತ್ತದೆಯೇ’ ಅಂತ ಬರೆದಿದ್ದೆವು. ಮಂಡ್ಯ ಕಡೆಯ ರೈತರೊಬ್ಬರು ಉತ್ಸಾಹದಿಂದ, “ಈಗ ಇಲ್ಲ ಕಣಮ್ಮ, ಮೊದಲು ಕಾವೇರಿ ಹೋರಾಟಕ್ಕೆಲ್ಲ ಹೋಗ್ತಿದ್ದೆ” ಅಂದರು. ಅದನ್ನು ‘ಏನು ಮಾಡೋಕೆ ಹೋದ್ರೂ ಏಗೋದೇ ಆಗುತ್ತಾ’ ಅಂತ ಬದಲಿಸಿದೆವು. ಆಮೇಲೆ ಕೇಳಿದ ತಕ್ಷಣ ಜನ ತಲೆ ಆಡಿಸತೊಡಗಿದರು.

ಇನ್ನೊಂದನ್ನು ಕಲಿಸಿದ್ದು ಒಬ್ಬ ಬಸ್ ಕಂಡಕ್ಟರ್ ಹೆಂಡತಿ. ಗಂಡ ಮಾತೆತ್ತಿದರೆ ಸಿಡಿಯುತ್ತಾನೆ, ತಟ್ಟೆ ಎಸೆಯುತ್ತಾನೆ, ಹಿಂದೆ ಹೀಗಿರಲಿಲ್ಲ ಅಂದಳು. ನಾನು ಅದನ್ನು ‘ಕೌಟುಂಬಿಕ ಸಮಸ್ಯೆ’ ಅಂತ ಬರೆದುಕೊಂಡೆ. ಡಾಕ್ಟರ್ ಕೇಳಿದ್ದು ಒಂದೇ: ಯಾವಾಗಿಂದ? ಲೆಕ್ಕ ಹಾಕಿದರೆ ಲೆವೆಟಿರಾಸಿಟಾಮ್ ಅನ್ನುವ ಫಿಟ್ಸ್ ಮಾತ್ರೆ ಶುರುಮಾಡಿ ಒಂದು ತಿಂಗಳೂ ಆಗಿರಲಿಲ್ಲ. ಒಳ್ಳೆಯ ಔಷಧಿಯೇ, ಆದರೆ ಕೆಲವರಲ್ಲಿ ಸಿಡುಕು, ಕೋಪ ತರುತ್ತೆ. ಮಾತ್ರೆ ಬದಲಾಯಿಸಿದ ಮೇಲೆ ಮನುಷ್ಯ ಮೊದಲಿನಂತಾದ. ಅವತ್ತಿನಿಂದ ನನ್ನ ಶೀಟಿನಲ್ಲಿ ಎರಡು ಕಾಲಂ ಹೆಚ್ಚಾದವು: ಈಗಿನ ಮಾತ್ರೆ ಶುರುವಾದ ದಿನ, ಕೊನೆಯ ಫಿಟ್ಸ್ ಬಂದ ದಿನ. ಎರಡನೆಯದು ಯಾಕೆಂದರೆ, ಫಿಟ್ಸ್ ಆದ ಮೇಲೆ ಒಂದೆರಡು ದಿನ ಮನಸ್ಸು ಕುಸಿಯುವುದೂ ಉಂಟು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಾಲ್ಕನೇ ಪ್ರಶ್ನೆ ಸಾವಿನದು. ಸತ್ತೇ ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಾ ಅಂತ ಕೇಳಬೇಕು. ಇಪ್ಪತ್ತಮೂರು ವರ್ಷದ ನನಗೆ, ನಮ್ಮಮ್ಮನ ವಯಸ್ಸಿನವರ ಮುಂದೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಗೊತ್ತಿಲ್ಲದೆಯೇ ಒಂದು ದಾರಿ ಮಾಡಿಕೊಂಡಿದ್ದೆ. ದನಿ ತಗ್ಗಿಸಿ, ಹಾಳೆಯಿಂದ ತಲೆ ಎತ್ತದೆ, “ಸಾಯೋ ಯೋಚನೆ ಗೀಚನೆ ಏನೂ ಇಲ್ಲ ಅಲ್ವಾ?” ಅನ್ನುತ್ತಿದ್ದೆ. ಎಲ್ಲರೂ “ಇಲ್ಲ” ಅನ್ನುತ್ತಿದ್ದರು. ನನಗೂ ಹಗುರ, ಅವರಿಗೂ ಹಗುರ.

ಒಂದು ದಿನ ಅತ್ತೆಯ ಜೊತೆ ಒಬ್ಬ ಹುಡುಗಿ ಬಂದಳು. ಮದುವೆಯಾಗಿ ಒಂದು ವರ್ಷ. ಚಿಕ್ಕಂದಿನಿಂದ ಫಿಟ್ಸ್ ಇದ್ದದ್ದನ್ನು ತವರಿನವರು ಮುಚ್ಚಿಟ್ಟಿದ್ದರು. ಗಂಡನ ಮನೆಯಲ್ಲಿ ಮಾತ್ರೆ ಎಲ್ಲಿಡೋದು ಅಂತ ತಿಳಿಯದೆ ಇವಳು ನುಂಗೋದನ್ನೇ ಬಿಟ್ಟಿದ್ದಳು. ಯುಗಾದಿಯ ಎಣ್ಣೆಸ್ನಾನದ ದಿನ, ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬಚ್ಚಲಲ್ಲೇ ಬಿದ್ದಳು. (ತಲೆಗೆ ಬಿಸಿನೀರು ಬಿದ್ದಾಗಲೇ ಬರುವ ಮೂರ್ಛೆ ನಮ್ಮ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು, ಉಗುರುಬೆಚ್ಚಗಿನ ನೀರು ಸಾಕು ಅಂತ ಓಪಿಡಿಯಲ್ಲಿ ದಿನಾ ಹೇಳುತ್ತಾರೆ.) ನಾನು ಆರು ಪ್ರಶ್ನೆ ಕೇಳಿದೆ. ಆರಕ್ಕೂ “ಇಲ್ಲ”. ಒಟ್ಟು 6.

ವಾರದ ಕೊನೆಗೆ ಶೀಟು ನೋಡುತ್ತಿದ್ದ ನಮ್ಮ ಮೇಡಂ ಆ ಸಾಲಿನ ಮೇಲೆ ಬೆರಳಿಟ್ಟರು. “ಆರಕ್ಕಿಂತ ಕಡಿಮೆ ಬರೋಕೇ ಸಾಧ್ಯ ಇಲ್ಲ. ನಾನು ಇವತ್ತು ತುಂಬಿದ್ರೂ ನಂಗೆ ಹತ್ತು ಬರುತ್ತೆ. ರೂಮಲ್ಲಿ ಯಾರಿದ್ರು?” ಆಮೇಲೆ, “ನಾಲ್ಕನೇದನ್ನ ಹೇಗೆ ಕೇಳ್ತೀಯ, ಕೇಳು ನೋಡೋಣ” ಅಂದರು. ಕೇಳಿದೆ. ಅವರು ನಗಲಿಲ್ಲ. “ಇದು ಪ್ರಶ್ನೆ ಅಲ್ಲ ಕಣಮ್ಮ. ಹೂಂ ಅನ್ನಬೇಡಿ ಅಂತ ಬೇಡಿಕೊಳ್ತಾ ಇದ್ದೀಯ.”

ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತೆ ಅನ್ನುವ ಭಯ ನನ್ನೊಳಗಿತ್ತು. ಅದಕ್ಕೆ ಆಧಾರವಿಲ್ಲ ಅಂತ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅವತ್ತು ಸಂಜೆ ಖಾಲಿ ರೂಮಿನಲ್ಲಿ ಗೋಡೆ ನೋಡಿಕೊಂಡು ಆ ವಾಕ್ಯವನ್ನು ಇದ್ದ ಹಾಗೇ ಹೇಳಿ ಹೇಳಿ ಅಭ್ಯಾಸ ಮಾಡಿದೆ. ಜೊತೆಗೆ ಬಂದವರು ಕೂರುತ್ತಿದ್ದ ಎರಡನೇ ಕುರ್ಚಿಯನ್ನು ಎತ್ತಿ ಕಾರಿಡಾರಿನಲ್ಲಿಟ್ಟೆ.

ಮುಂದಿನ ಸಲ ಆ ಹುಡುಗಿ ಒಬ್ಬಳೇ ಒಳಗೆ ಬಂದಳು. ಕಣ್ಣು ನೋಡಿ ಕೇಳಿದೆ. ಅಂಕ 19. ನಾಲ್ಕನೆಯದಕ್ಕೆ “ಯಾವಾಗಲೂ”. ‘ಮೋಸ ಮಾಡಿ ಗಂಟು ಹಾಕಿದ್ರು, ಕೋರ್ಟಿಗೆ ಹೋದರೆ ಈ ಮದುವೆ ನಿಲ್ಲಲ್ಲ’ ಅಂತ ಮನೆಯಲ್ಲಿ ದಿನಾ ಅನ್ನುತ್ತಾರಂತೆ. ಹಿಂದೂ ವಿವಾಹ ಕಾಯ್ದೆಯ ಷರತ್ತಿನಿಂದ ಮೂರ್ಛೆರೋಗವನ್ನು 1999ರಲ್ಲೇ ತೆಗೆದರು ಅನ್ನೋದು ಆ ಮನೆಗೆ ಇನ್ನೂ ತಲುಪಿರಲಿಲ್ಲ. ಅದನ್ನು ಆಮೇಲೆ ಸೋಷಿಯಲ್ ವರ್ಕರ್ ಕೂರಿಸಿ ಹೇಳಿದರು.

ನಾನು ಮಾಡಿದ್ದು ಇಷ್ಟೇ: ಚೀಟಿ ಬರೆದುಕೊಟ್ಟು ‘ಹೋಗಿ’ ಅನ್ನಲಿಲ್ಲ, ಎದುರಿನ ಕಟ್ಟಡದ ಸೈಕಿಯಾಟ್ರಿಗೆ ಜೊತೆಯಲ್ಲೇ ನಡೆದೆ, ಒಳಗೆ ಕರೆಯುವವರೆಗೂ ಬೆಂಚಿನ ಮೇಲೆ ಕೂತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರನ್ನು ಮಾತ್ರೆ ಚೀಟಿಯ ಹಿಂದೆ ಬರೆದುಕೊಟ್ಟೆ. ಎರಡೂವರೆಯ ಬಸ್ಸು ತಪ್ಪಿತು. ಕ್ಯಾಂಟೀನಿನಲ್ಲಿ ಇಬ್ಬರೂ ಚಿತ್ರಾನ್ನ ತಿಂದೆವು. ಹಿಂದಿನ ಶೀಟುಗಳಲ್ಲಿ ನಾನು ಹಾಗೆ ಕೇಳಿ ತುಂಬಿದ್ದ ನಾಲ್ಕನೇ ಕಾಲಮನ್ನು ಮೇಡಂ ಲೆಕ್ಕದಿಂದ ತೆಗೆಸಿದರು. ಮೂರು ತಿಂಗಳ ದುಡಿಮೆ. ಆ ಜನರಿಗೆಲ್ಲ ಮತ್ತೆ ಫೋನ್ ಮಾಡಿ ಕರೆದೆ. ಕೆಲವರು ಬಂದರು, ಕೆಲವರು ಬರಲೇ ಇಲ್ಲ.

ಮೂರು ತಿಂಗಳ ಬಳಿಕ ಅವಳು ಮತ್ತೆ ಬಂದಳು, ಜೊತೆಗೆ ಅತ್ತೆಯೂ. ಬಾಗಿಲಲ್ಲೇ ಅವರ ಕೈಗೆ ಚೀಟಿ ಕೊಟ್ಟು, “ಅತ್ತೆ, ಮಾತ್ರೆ ಕ್ಯೂ ಉದ್ದ ಇದೆ, ನೀವು ನಿಂತಿರಿ” ಅಂದಳು. ಒಳಗೆ ಬಂದು ಕೂತು ಸೆರಗು ಸರಿಮಾಡಿಕೊಂಡಳು.

“ಆ ನಾಲ್ಕನೇದನ್ನ ಮೊದಲು ಕೇಳಿ ಮೇಡಂ. ಈ ಸಲ ಬಸ್ಸು ತಪ್ಪಬಾರದು.”